ಬ್ಯಾಟರಿ ಟರ್ಮಿನಲ್ ಬಿಚ್ಚಿದರೆ ಸರಿಹೋಗುತ್ತಿದ್ದ ಹೀಟರ್: ಮೂಡಿಗೆರೆ ಕಡೆಯ ಒಂದು ಕಾರಿನ ಪ್ರಕರಣ

ನಾನು ಚಿಕ್ಕಮಗಳೂರಿನಲ್ಲಿ ಕಾರಿನ ಎ.ಸಿ. ಮತ್ತು ವೈರಿಂಗ್ ಕೆಲಸ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಕಾರು ಮೂರು ಸಲ ನಮ್ಮ ಗ್ಯಾರೇಜಿಗೆ ಬಂತು. ಎರಡನೇ ಸಲ ನಾನು ತಪ್ಪು ತೀರ್ಮಾನ ಮಾಡಿ ದುಡ್ಡು ತಗೊಂಡು ಕಳಿಸಿದ್ದೆ. ಅದೇ ತಪ್ಪು ಬೇರೆಯವರಿಗೆ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಕೇಳಿದ್ದೇನೆ. ಅವರ ಹೆಸರು, ಊರು, ಕಾರಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು ಅಂತ ಇಟ್ಟುಕೊಳ್ಳಿ.

ಹಿನ್ನೆಲೆ

7 ವರ್ಷದ ಡೀಸೆಲ್ ಕಾರು. ಆಟೋಮ್ಯಾಟಿಕ್ ಎ.ಸಿ. ಇದೆ. ಡ್ರೈವರ್ ಕಡೆಗೊಂದು, ಪಕ್ಕದವರ ಕಡೆಗೊಂದು ಬೇರೆ ಬೇರೆ ಡಿಗ್ರಿ ಇಟ್ಟುಕೊಳ್ಳಬಹುದು. ಮೇಷ್ಟ್ರು ತಿಂಗಳಿಗೆ ಎರಡು ಮೂರು ಸಲ ಮನೆಯವರನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ವಾಪಸ್ ಬರುವಾಗ ಎಷ್ಟೋ ಸಲ ಕತ್ತಲೆ ಆಗುತ್ತದೆ.

ಬಯಲುಸೀಮೆಯವರಿಗೆ ಎ.ಸಿ. ಅಂದರೆ ತಂಪು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎ.ಸಿ. ಬೇಕಾಗುವುದು ಗಾಜಿಗೆ ಮಂಜು ಹಿಡಿಯದೇ ಇರಲಿಕ್ಕೆ. ಒದ್ದೆ ಗಾಳಿ ಮೊದಲು ಕೂಲಿಂಗ್ ಕಾಯಿಲ್ ಮೇಲೆ ಹಾದು ಹೋಗುತ್ತದೆ. ಅಲ್ಲಿ ಗಾಳಿಯಲ್ಲಿದ್ದ ನೀರು ಹನಿಯಾಗಿ ಕೆಳಗೆ ಇಳಿಯುತ್ತದೆ. ಒಣಗಿದ ಗಾಳಿ ಆಮೇಲೆ ಹೀಟರ್ ಕೋರ್ ದಾಟಿ ಬೆಚ್ಚಗಾಗಿ ಗಾಜಿಗೆ ಬಡಿಯುತ್ತದೆ. ಹೀಟರ್ ಕೋರ್‌ನಲ್ಲಿ ಹರಿಯುವುದು ಎಂಜಿನ್‌ನ ಬಿಸಿ ಕೂಲೆಂಟ್ (ಎಂಜಿನ್ ತಂಪು ಮಾಡಲು ಸುತ್ತುವ ನೀರು). ಅಂದರೆ ಮಳೆಗಾಲದಲ್ಲಿ ಎ.ಸಿ., ಹೀಟರ್ ಎರಡೂ ಒಟ್ಟಿಗೆ ಕೆಲಸ ಮಾಡಬೇಕು. ಎಷ್ಟು ಗಾಳಿ ಹೀಟರ್ ಮೇಲೆ ಹೋಗಬೇಕು, ಎಷ್ಟು ಹೋಗಬಾರದು ಅಂತ ಹಂಚುವುದಕ್ಕೆ ಮಧ್ಯೆ ಪುಟ್ಟ ಬಾಗಿಲಿನಂಥ ಒಂದು ಫ್ಲಾಪ್ ಇರುತ್ತದೆ. ಈ ಕಾರಿನಲ್ಲಿ ಬಲಕ್ಕೊಂದು, ಎಡಕ್ಕೊಂದು ಫ್ಲಾಪ್. ಪ್ರತಿಯೊಂದನ್ನೂ ತಿರುಗಿಸಲು ಒಂದು ಪುಟ್ಟ ಮೋಟರ್.

ತೊಂದರೆ ಏನಿತ್ತು

26 ಡಿಗ್ರಿ ಇಟ್ಟರೆ ಎಡಗಡೆ ಬೆಚ್ಚಗಿನ ಗಾಳಿ, ಬಲಗಡೆ ತಣ್ಣನೆ ಗಾಳಿ. ಡ್ರೈವರ್ ಮುಂದಿನ ಗಾಜು ಬೆಳ್ಳಗಾಗುತ್ತಿತ್ತು. ಜೂನ್‌ನಲ್ಲಿ ಒಂದು ರಾತ್ರಿ ಬೇಲೂರು ದಾಟಿದ ಮೇಲೆ ಮುಂದೆ ಏನೂ ಕಾಣದೆ ಎರಡು ಸಲ ಗಾಡಿ ನಿಲ್ಲಿಸಿದ್ದರಂತೆ. ಅವರ ಮನೆಯವರು, ನಾನು ಅಮ್ಮ ಅನ್ನುವವರು, ಪಕ್ಕದಲ್ಲಿ ಕೂತು ಬಟ್ಟೆಯಲ್ಲಿ ಗಾಜು ಒರೆಸುತ್ತಲೇ ಬಂದರಂತೆ. ಆಸ್ಪತ್ರೆಯಿಂದ ಸುಸ್ತಾಗಿ ಬರುವವರು. ಇದನ್ನು ಕೇಳಿದ ಮೇಲೆ ಇದನ್ನು ಸಣ್ಣ ರಿಪೇರಿ ಅಂತ ನೋಡಲು ನನಗೆ ಆಗಲಿಲ್ಲ.

ನಮ್ಮ ಹತ್ತಿರ ಬರುವ ಮೊದಲು ಬೇರೆ ಬೇರೆ ಕಡೆ ಮೂರು ಪ್ರಯತ್ನ ಆಗಿದ್ದವು. ಒಂದು ಕಡೆ ಗ್ಯಾಸ್ ಹಾಕಿದ್ದರು. ಇನ್ನೊಂದು ಕಡೆ ಕೂಲೆಂಟ್ ಬದಲಿಸಿ ಹೊಸ ಥರ್ಮೋಸ್ಟಾಟ್ ಹಾಕಿದ್ದರು. ಮೂರನೇ ಕಡೆ ಹೀಟರ್ ಕೋರ್ ಕಟ್ಟಿಕೊಂಡಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, 28,000 ರೂಪಾಯಿ ಆಗುತ್ತದೆ ಅಂದಿದ್ದರು. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದ್ದು ಒಳ್ಳೆಯದಾಯಿತು. ಗ್ಯಾಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎ.ಸಿ. ಗ್ಯಾಸ್ ಡೀಸೆಲ್ ಥರ ಓಡಿಸಿದಷ್ಟೂ ಖರ್ಚಾಗುವುದಲ್ಲ. ಮುಚ್ಚಿದ ಪೈಪಿನಲ್ಲಿ ಸುತ್ತುತ್ತಾ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ. ಮೊದಲು ಲೀಕ್ ಹುಡುಕಬೇಕು, ಆಮೇಲೆ ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದಷ್ಟೇ ಗ್ರಾಂ ತೂಕ ಮಾಡಿ ಹಾಕಬೇಕು.

10ರ ಸ್ಪ್ಯಾನರ್

ಮೇ ತಿಂಗಳಲ್ಲಿ ಕಾರಿನ ಮ್ಯೂಸಿಕ್ ಸ್ಕ್ರೀನ್ ಹ್ಯಾಂಗ್ ಆಗಿತ್ತು. ಯಾರೋ ಪರಿಚಯದ ಹುಡುಗ ಬಂದು ಬ್ಯಾಟರಿ ಟರ್ಮಿನಲ್ (ಬ್ಯಾಟರಿಗೆ ವೈರ್ ಸೇರಿಸುವ ಕ್ಲಿಪ್) ಬಿಚ್ಚಿ, ಹತ್ತು ನಿಮಿಷ ಬಿಟ್ಟು ಹಾಕಿದ. ಸ್ಕ್ರೀನ್ ಸರಿಯಾಯಿತು. ಅವತ್ತು ಹೀಟರ್ ಕೂಡ ಎರಡೂ ಕಡೆ ಸರಿಯಾಗಿ ಬಂತು. ಅಲ್ಲಿಂದ ಮೇಷ್ಟ್ರು ಡೋರ್ ಪಾಕೆಟ್‌ನಲ್ಲಿ ಒಂದು 10ರ ಸ್ಪ್ಯಾನರ್ ಇಟ್ಟುಕೊಂಡರು. ಹೀಟರ್ ಕೈಕೊಟ್ಟಾಗೆಲ್ಲ ಟರ್ಮಿನಲ್ ಬಿಚ್ಚುವುದು, ಹಾಕುವುದು. ಒಮ್ಮೊಮ್ಮೆ ಒಂದು ದಿನ, ಒಮ್ಮೊಮ್ಮೆ ಒಂದು ವಾರ ಚೆನ್ನಾಗಿರುತ್ತಿತ್ತು. ನನ್ನ ಹತ್ತಿರ ಬರುವ ಹೊತ್ತಿಗೆ ಕಡಿಮೆ ಅಂದರೂ 15 ಸಲ ಬಿಚ್ಚಿದ್ದರು.

ಇದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಕರೆಂಟ್ ಹೋಗಿ ಬಂದಾಗ ವೈಫೈ ಡಬ್ಬಿ ಹ್ಯಾಂಗ್ ಆದರೆ ನಾವು ಅದನ್ನೇ ಮಾಡುತ್ತೇವೆ ಅಲ್ವಾ? ಮೊಬೈಲಿಗೂ ಅದೇ, ಟಿ.ವಿ. ಡಬ್ಬಿಗೂ ಅದೇ. ಪವರ್ ಪೂರ್ತಿ ಹೋದಾಗ ಆ ಯಂತ್ರದ ತಾತ್ಕಾಲಿಕ ಮೆಮೊರಿ ಖಾಲಿ ಆಗುತ್ತದೆ. ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ಪ್ರೋಗ್ರಾಂ ಮೊದಲಿಂದ ಶುರುವಾಗುತ್ತದೆ. ತೆಗೆದ ತಕ್ಷಣ ಹಾಕಬಾರದು, ಸ್ವಲ್ಪ ಹೊತ್ತು ಕಾಯಬೇಕು ಅನ್ನುವುದಕ್ಕೂ ಕಾರಣ ಇದೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಕರೆಂಟ್ ಉಳಿದಿರುತ್ತದೆ, ಅದು ಇಳಿಯುವವರೆಗೆ ಮೆಮೊರಿ ಪೂರ್ತಿ ಅಳಿಯುವುದಿಲ್ಲ.

ಆದರೆ ಕಾರಿನಲ್ಲಿ ಟರ್ಮಿನಲ್ ಬಿಚ್ಚಿದರೆ ತೊಂದರೆಯ ಜೊತೆಗೆ ಸಾಕ್ಷಿಯೂ ಅಳಿಸಿಹೋಗಬಹುದು. ಕಂಟ್ರೋಲ್ ಯೂನಿಟ್ (ಕಾರಿನೊಳಗಿನ ಪುಟ್ಟ ಕಂಪ್ಯೂಟರ್) ಬರೆದಿಟ್ಟುಕೊಂಡ ಫಾಲ್ಟ್ ಕೋಡ್‌ಗಳು, ಅಂದರೆ ಎಲ್ಲಿ ಏನು ತೊಂದರೆ ಅನ್ನುವ ಗುರುತುಗಳು, ಎಷ್ಟೋ ಕಾರುಗಳಲ್ಲಿ ಇದರಿಂದ ಮಾಯ ಆಗುತ್ತವೆ. ಈ ಕಾರಿನಲ್ಲಿ ಆದದ್ದು ಅದೇ.

ಮೊದಲ ಭೇಟಿ: ಏನೂ ಮಾಡದೆ ಕಳಿಸಿದ್ದು

ಜುಲೈ ಕೊನೆಯಲ್ಲಿ ಮೇಷ್ಟ್ರು ಮಳೆಯಲ್ಲಿ ಬಂದರು. ಬೆಳಗ್ಗೆ ಹೊರಡುವಾಗ ಗಾಜು ಕಾಣಲಿಲ್ಲ ಅಂತ ಟರ್ಮಿನಲ್ ಬಿಚ್ಚಿ ಹಾಕಿಕೊಂಡೇ ಬಂದಿದ್ದರು. ಕೋಡ್ ಓದುವ ಸ್ಕ್ಯಾನರ್ ಹಾಕಿದೆ, ಒಂದು ಕೋಡೂ ಇಲ್ಲ. ಹೀಟರ್ ಎರಡೂ ಕಡೆ ಚೆನ್ನಾಗಿ ಬರುತ್ತಿದೆ.

"ಮೇಷ್ಟ್ರೇ, ಇವತ್ತು ಗಾಡಿ ಸರಿ ಇದೆ. ಸರಿ ಇರೋದನ್ನ ನಾನು ಏನಂತ ರಿಪೇರಿ ಮಾಡಲಿ?" ಅಂದೆ.

"ಅಷ್ಟು ದೂರದಿಂದ ಬಂದಿದ್ದೀನಪ್ಪ, ಸುಮ್ನೆ ವಾಪಸ್ ಹೋಗ್ಲಾ?" ಅಂದರು.

ಕಷ್ಟ ಅನ್ನಿಸಿತು. ಏನಾದರೂ ಬಿಚ್ಚಿ ನೋಡಿ ಕಳಿಸಿದ್ದರೆ ಅವರಿಗೂ ಸಮಾಧಾನ, ನನಗೂ ಒಂದು ಬಿಲ್. ಆದರೆ ತೊಂದರೆ ಕಾಣದೆ ಕೈ ಹಾಕಿದರೆ ನಾನು ನಾಲ್ಕನೆಯವನು ಆಗುತ್ತಿದ್ದೆ, ಅಷ್ಟೇ. ಅವರ ಹತ್ತಿರ ಎರಡು ವಿಷಯ ಕೇಳಿಕೊಂಡೆ. ಒಂದು, ನಾನು ಹೇಳುವವರೆಗೆ ಟರ್ಮಿನಲ್ ಮುಟ್ಟಬೇಡಿ. ಇನ್ನೊಂದು, ಏನೇನಾಗುತ್ತದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಅಲ್ಲಿಯವರೆಗೆ ರಾತ್ರಿ ಓಡಿಸಬೇಡಿ ಅಂದೆ. ಒಳಗಿನ ಗಾಳಿಯೇ ಸುತ್ತುವ ಬಟನ್ ಆಫ್ ಇರಲಿ, ಗಾಜು ಮಸುಕಾದರೆ ಕಿಟಕಿ ಒಂದು ಬೆರಳು ಇಳಿಸಿ ಅಂತಲೂ ಹೇಳಿ ಕಳಿಸಿದೆ. ಮುಂದಿನ ವಾರದ ಆಸ್ಪತ್ರೆ ದಿನಕ್ಕೆ ಅವರು ಬೇರೆ ಕಾರು ಮಾಡಿಕೊಂಡು ಹೋದರು. ನನ್ನ ಮಾತಿಗೆ ಅವರು ಅಷ್ಟು ಬೆಲೆ ಕೊಟ್ಟರು.

ನೋಟ್‌ಬುಕ್

8 ದಿನ ಬಿಟ್ಟು ಬಂದರು. ಉದ್ದ ಗೆರೆಯ ನೋಟ್‌ಬುಕ್, ಎಡಗಡೆ ಮಾರ್ಜಿನ್ ಹಾಕಿ ತಾರೀಖು, ಹೊತ್ತು, ಮಳೆ ಇತ್ತೋ ಇಲ್ಲವೋ, ಎಷ್ಟು ಡಿಗ್ರಿ ಇಟ್ಟಿದ್ದರು, ಯಾವ ಕಡೆ ಹೇಗೆ ಗಾಳಿ ಬಂತು, ಎಲ್ಲ ಬರೆದಿದ್ದರು. ಮುತ್ತಿನಂಥ ಅಕ್ಷರ. ಸ್ಕ್ಯಾನರ್ ಹೇಳದ ಎಷ್ಟೋ ವಿಷಯ ಅದರಲ್ಲಿತ್ತು.

ಮೊದಲನೆಯದು, ಓಡುತ್ತಿರುವಾಗ ಒಂದು ಸಲವೂ ತೊಂದರೆ ಶುರುವಾಗಿಲ್ಲ. ಶುರುವಾದದ್ದೆಲ್ಲ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ, ಅದೂ ಎರಡು ದಿನ ನಿಂತಿದ್ದ ಮೇಲೆ. ಒಂದು ಕಡೆ ಹೀಗೆ ಬರೆದಿದ್ದರು: "ಸೆಲ್ಫ್ ಹೊಡೆದ ಕೂಡಲೇ ಗಡಿಯಾರ 12:00 ಆಯಿತು." ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಹೊತ್ತಿಗೆ ಗಡಿಯಾರಕ್ಕೂ ಪವರ್ ತಪ್ಪಿತ್ತು.

ಇನ್ನೊಂದು ಸಾಲು ನೋಡಿ ನನಗೆ ಆಶ್ಚರ್ಯ ಆಯಿತು. "ಗಾಜು ಒಳಗಡೆ ಒರೆಸಿದರೂ ಹೋಗಲಿಲ್ಲ. ವೈಪರ್ ಹಾಕಿದ ಕೂಡಲೇ ಹೋಯಿತು." ಅಂದರೆ ಮಂಜು ಕೂತದ್ದು ಗಾಜಿನ ಹೊರಗಡೆ! ತಣ್ಣನೆ ಗಾಳಿ ಒಳಗಿಂದ ಬಡಿದು ಗಾಜೇ ತಣ್ಣಗಾದರೆ, ಹೊರಗಿನ ಒದ್ದೆ ಗಾಳಿ ಅದರ ಮೇಲೆ ನೀರಾಗಿ ಕೂರುತ್ತದೆ. ಲೋಟದಲ್ಲಿ ತಣ್ಣೀರು ಹಾಕಿಟ್ಟರೆ ಹೊರಗೆ ಬೆವರುತ್ತದಲ್ಲ, ಹಾಗೆ. ಬೇಲೂರು ದಾರಿಯಲ್ಲಿ ಅಮ್ಮ ಒಳಗಡೆ ಎಷ್ಟು ಒರೆಸಿದರೂ ಪೂರ್ತಿ ಹೋಗದಿದ್ದುದಕ್ಕೆ ಇದೂ ಒಂದು ಕಾರಣ ಇರಬೇಕು. ಎ.ಸಿ. ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಬಲಗಡೆಗೆ ಬಿಸಿ ಮಾತ್ರ ಸೇರುತ್ತಿಲ್ಲ ಅನ್ನುವುದು ಈ ಒಂದು ಸಾಲಿನಿಂದ ಗೊತ್ತಾಯಿತು.

ಎರಡನೇ ಭೇಟಿ: ನನ್ನ ತಪ್ಪು

ಈ ಸಲ ತೊಂದರೆ ಇಟ್ಟುಕೊಂಡೇ ಬಂದಿದ್ದರು. ಎಂಜಿನ್ ಬಿಸಿಯಾದ ಮೇಲೆ ಹೀಟರ್‌ಗೆ ಹೋಗುವ ಎರಡು ಪೈಪ್ ಮುಟ್ಟಿ ನೋಡಿದೆ. ಎರಡೂ ಬಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಒಳಗೆ ಹೋಗುವ ಪೈಪ್ 84 ಡಿಗ್ರಿ, ಹೊರಗೆ ಬರುವುದು 76. ಹೀಟರ್ ಕೋರ್ ಕಟ್ಟಿಕೊಂಡಿದ್ದರೆ ವಾಪಸ್ ಪೈಪ್ ಇಷ್ಟು ಬಿಸಿ ಇರುವುದಿಲ್ಲ. ಕೋರ್ ಅರ್ಧ ಕಟ್ಟಿಕೊಂಡರೂ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ ಬರುವುದುಂಟು. ಅದಕ್ಕೇ ಬರೀ ಗಾಳಿ ನೋಡಿ ಹೇಳದೆ ಪೈಪ್ ಅಳೆದದ್ದು. ಗ್ಯಾಸ್ ಪ್ರೆಶರ್ ಕೂಡ ಹೊರಗಿನ 22 ಡಿಗ್ರಿಗೆ ಸರಿಯಾಗಿತ್ತು. ಗಾಳಿ ಎಡಕ್ಕೆ 52 ಡಿಗ್ರಿ, ಬಲಕ್ಕೆ 17.

ಸ್ಕ್ಯಾನರ್‌ನಲ್ಲಿ ಎರಡು ಕೋಡ್ ಸಿಕ್ಕವು. ಒಂದು, ಬಲಗಡೆ ಫ್ಲಾಪ್ ಹೇಳಿದ ಜಾಗಕ್ಕೆ ಬರುತ್ತಿಲ್ಲ. ಇನ್ನೊಂದು, ವೋಲ್ಟೇಜ್ ಕಡಿಮೆ. ನೋಟ್‌ಬುಕ್‌ನ ಗಡಿಯಾರದ ಸಾಲು ತಲೆಯಲ್ಲಿತ್ತು. ಬ್ಯಾಟರಿ ನೋಡಿದೆ. ನಿಂತಿದ್ದಾಗ 12.1 ವೋಲ್ಟ್, ಸೆಲ್ಫ್ ಹೊಡೆಯುವಾಗ 8.7ಕ್ಕೆ ಬೀಳುತ್ತಿತ್ತು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 14.2 ಕೊಡುತ್ತಿತ್ತು, ಅದು ಸರಿ. ಬ್ಯಾಟರಿಯೇ ಮುಗಿದಿತ್ತು.

ನನ್ನ ಲೆಕ್ಕ ಹೀಗಿತ್ತು: ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಬೀಳುತ್ತದೆ, ಎ.ಸಿ.ಯ ಕಂಟ್ರೋಲ್ ಯೂನಿಟ್ ಎಚ್ಚರ ತಪ್ಪುತ್ತದೆ, ಫ್ಲಾಪ್ ಎಲ್ಲಿದೆ ಅನ್ನುವುದು ಮರೆತುಹೋಗುತ್ತದೆ. ನೋಟ್‌ಬುಕ್ಕಿಗೂ ಹೊಂದಿತು, ಕೋಡಿಗೂ ಹೊಂದಿತು. ಹೊಸ ಬ್ಯಾಟರಿ ಹಾಕಿದೆ. ಎರಡೂ ಕಡೆ ಬಿಸಿ ಗಾಳಿ ಬಂತು. "ಇನ್ನೇನು ತೊಂದರೆ ಇಲ್ಲ ಮೇಷ್ಟ್ರೇ" ಅಂತ ಹೇಳಿ ಕಳಿಸಿದೆ.

11ನೇ ದಿನ ಬೆಳಗ್ಗೆ ಫೋನ್ ಬಂತು. "ಮತ್ತೆ ಬಲಗಡೆ ತಣ್ಣಗೆ ಬರ್ತಾ ಇದೆಯಪ್ಪ."

ಫೋನ್ ಇಟ್ಟ ಮೇಲೆ ಹೊಳೆಯಿತು. ಬ್ಯಾಟರಿ ಬದಲಿಸುವಾಗ ನಾನು ಮಾಡಿದ್ದೇನು? ಟರ್ಮಿನಲ್ ಬಿಚ್ಚಿ ಹಾಕಿದ್ದು. ಮೇಷ್ಟ್ರು 15 ಸಲ ಮಾಡಿದ್ದನ್ನೇ ನಾನು 16ನೇ ಸಲ ಮಾಡಿದ್ದೆ. ಸರಿಹೋದದ್ದು ಹೊಸ ಬ್ಯಾಟರಿಯಿಂದಲೋ, ಟರ್ಮಿನಲ್ ಬಿಚ್ಚಿದ್ದರಿಂದಲೋ ಅಂತ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಅವರಿಗೆ ಹಾಗೆ ಮಾಡಬೇಡಿ ಅಂತ ಹೇಳಿ ನಾನೇ ಅದನ್ನು ಮಾಡಿದ್ದೆ. ಬ್ಯಾಟರಿ ಬದಲಿಸುವಾಗ ಬೇರೆ 12 ವೋಲ್ಟ್ ಸಪ್ಲೈ ಕೊಟ್ಟು ಕಾರಿನ ಮೆಮೊರಿ ಹೋಗದಂತೆ ಹಿಡಿದಿಟ್ಟಿದ್ದರೆ, ತೊಂದರೆ ಅವತ್ತೇ ನನ್ನ ಕಣ್ಣ ಮುಂದೆ ಇರುತ್ತಿತ್ತು.

ಮೂರನೇ ಭೇಟಿ: ಕಿವಿಗೆ ಕೇಳಿದ್ದು

ಈ ಸಲ ಬಾನೆಟ್ ಎತ್ತಲೇ ಇಲ್ಲ. ಸ್ಟೀರಿಂಗ್ ಕೆಳಗಿನ ಪ್ಯಾನೆಲ್ ತೆಗೆದೆ. ಬ್ಲೋವರ್ ಆಫ್, ರೇಡಿಯೋ ಆಫ್. ಸದ್ದು ಬರದಿರಲಿ ಅಂತ ಹುಡುಗನಿಗೆ ಗ್ಯಾರೇಜಿನ ಏರ್ ಕಂಪ್ರೆಸರ್ ನಿಲ್ಲಿಸಲು ಹೇಳಿದೆ. ಇಗ್ನಿಷನ್ ಆನ್ ಮಾಡಿ 18 ಡಿಗ್ರಿಯಿಂದ 32ಕ್ಕೆ ತಿರುಗಿಸಿದೆ. ಡ್ಯಾಶ್‌ಬೋರ್ಡ್ ಒಳಗೆ ಸಣ್ಣಗೆ ಟಕ್, ಟಕ್, ಟಕ್ ಅಂತ ಕೇಳಿತು. ಮೋಟರ್ ಮೇಲೆ ಬೆರಳಿಟ್ಟರೆ ಹಲ್ಲು ಜಾರುವುದು ಬೆರಳಿಗೇ ಗೊತ್ತಾಗುತ್ತಿತ್ತು. ಎಡಗಡೆ ಮೋಟರ್ ಸದ್ದಿಲ್ಲದೆ ಕಾಲು ಸುತ್ತು ತಿರುಗಿ ನಿಂತಿತು. ಬಲಗಡೆಯದು ಅರ್ಧ ಹೋಗಿ ಅಲ್ಲೇ ಒದ್ದಾಡುತ್ತಿತ್ತು.

ಮೂರು ಸ್ಕ್ರೂ ಬಿಚ್ಚಿ ಮೋಟರ್ ಹೊರಗೆ ತೆಗೆದು ಮುಚ್ಚಳ ಎಬ್ಬಿಸಿದೆ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಪ್ಲಾಸ್ಟಿಕ್ ಗಿಯರ್. ಎರಡು ಹಲ್ಲು ಇಲ್ಲ, ಮೂರನೆಯದು ಬಗ್ಗಿದೆ. ಪುಡಿ ಗ್ರೀಸಿಗೆ ಅಂಟಿಕೊಂಡಿದೆ.

ಇಲ್ಲಿಗೆ ನಿಲ್ಲಿಸಿ ಹೊಸ ಮೋಟರ್ ಹಾಕಬಹುದಿತ್ತು. ಆದರೆ ಒಂದು ಸಲ ಎಡವಿದ್ದೆನಲ್ಲ, ಇನ್ನೊಂದು ಪ್ರಶ್ನೆ ಕೇಳಿಕೊಂಡೆ. ಅಷ್ಟೇ ಹಳೆಯ ಎಡಗಡೆ ಮೋಟರ್ ಚೆನ್ನಾಗಿದೆ, ಇದು ಮಾತ್ರ ಯಾಕೆ ಮುರಿಯಿತು? ಫ್ಲಾಪಿನ ದಂಡವನ್ನು ಕೈಯಲ್ಲೇ ತಿರುಗಿಸಿ ನೋಡಿದೆ. ಮಧ್ಯದಲ್ಲಿ ಏನೋ ತಡೆಯಿತು. ಇನ್ನೊಂದು ಸಲ ತಿರುಗಿಸಿದರೆ ಸಲೀಸಾಗಿ ಹೋಯಿತು. ಮತ್ತೊಂದು ಸಲ ಪುನಃ ತಡೆಯಿತು. ಸಣ್ಣ ಪೈಪ್ ಕ್ಯಾಮೆರಾ ಒಳಗೆ ಬಿಟ್ಟೆ. ಫ್ಲಾಪಿನ ಅಂಚಿನಲ್ಲಿ ಏನೋ ಹೊಳೆಯಿತು. ಅದೊಂದು ಒಂದು ರೂಪಾಯಿ ನಾಣ್ಯ. ಪಕ್ಕದಲ್ಲಿ ಒಣಗಿದ ಸೇವಂತಿಗೆ ಎಸಳು, ಒಂದು ತುಂಡು ಬಾಳೆನಾರು.

ಡ್ಯಾಶ್‌ಬೋರ್ಡ್ ಮೇಲೆ ಗಣಪತಿ ಇತ್ತು. ಆಸ್ಪತ್ರೆಗೆ ಹೊರಡುವ ಪ್ರತಿ ದಿನ ಅಮ್ಮ ಗಣಪತಿಗೆ ಹೂ ಇಟ್ಟು, ಒಂದು ರೂಪಾಯಿ ಕಾಣಿಕೆ ಇಡುತ್ತಿದ್ದರು. ಅದರ ಹಿಂದೆಯೇ ಗಾಜಿಗೆ ಗಾಳಿ ಬಿಡುವ ಸೀಳು. ಯಾವುದೋ ತಿರುವಿನಲ್ಲಿ ನಾಣ್ಯ ಜಾರಿ ಒಳಗೆ ಬಿದ್ದಿದೆ.

ನಾಣ್ಯ ಮಲಗಿದ್ದಾಗ ಫ್ಲಾಪ್ ಅದರ ಮೇಲೆ ಹಾದು ಹೋಗುತ್ತಿತ್ತು. ನಿಂತುಕೊಂಡಾಗ ತಡೆಯುತ್ತಿತ್ತು. ಈ ಕಾರಿನಲ್ಲಿ ಪವರ್ ಹೋಗಿ ಬಂದರೆ ಎ.ಸಿ. ಯೂನಿಟ್ ಎರಡೂ ಫ್ಲಾಪ್‌ಗಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿ ಹೊಸದಾಗಿ ಅಳತೆ ತಗೊಳ್ಳುತ್ತದೆ. ಕೆಲವು ಸಲ ಸ್ಟಾರ್ಟ್ ಆದ ಮೇಲೆ ತಾನಾಗಿಯೂ ತಗೊಳ್ಳುತ್ತದೆ. ಆ ಹೊತ್ತಿನಲ್ಲಿ ನಾಣ್ಯ ಅಡ್ಡ ಇದ್ದರೆ ಅದನ್ನೇ ಕೊನೆ ಅಂದುಕೊಳ್ಳುತ್ತದೆ. ಆಮೇಲೆ ನಾವು ಪೂರ್ತಿ ಬಿಸಿ ಕೇಳಿದರೂ ಫ್ಲಾಪ್ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿ ಸೋತಿದ್ದರಿಂದ ಬೆಳಗ್ಗೆ ಸೆಲ್ಫ್ ಹೊಡೆದಾಗೆಲ್ಲ ಈ ಅಳತೆ ಮತ್ತೆ ಮತ್ತೆ ನಡೆಯುತ್ತಿತ್ತು. ಟರ್ಮಿನಲ್ ಬಿಚ್ಚಿದಾಗಲೂ ಅದೇ. ಅದೃಷ್ಟ ಇದ್ದರೆ ನಾಣ್ಯ ಮಲಗಿರುತ್ತಿತ್ತು, ಹೀಟರ್ ಸರಿಹೋಗುತ್ತಿತ್ತು. ಇಲ್ಲದಿದ್ದರೆ ಮೋಟರ್ ನಾಣ್ಯವನ್ನು ಒತ್ತಿ ಒತ್ತಿ ಗಿಯರ್ ಹಲ್ಲು ಸವೆಸುತ್ತಿತ್ತು. ತಾತ್ಕಾಲಿಕವಾಗಿ ಸರಿ ಮಾಡುತ್ತಿದ್ದ ಕೆಲಸವೇ ಮೋಟರನ್ನು ಮುಗಿಸುತ್ತಾ ಬಂದಿತ್ತು.

ನಮ್ಮ ಒಂದು ರೂಪಾಯಿ ನಾಣ್ಯ ಆಯಸ್ಕಾಂತಕ್ಕೆ ಅಂಟುವ ಸ್ಟೀಲಿನದು. ಆಯಸ್ಕಾಂತದ ಕಡ್ಡಿ ಇಳಿಸಿ ಎರಡೇ ನಿಮಿಷದಲ್ಲಿ ಹೊರಗೆ ತೆಗೆದೆ. ಡ್ಯಾಶ್‌ಬೋರ್ಡ್ ಇಳಿಸುವ ಪ್ರಮೇಯವೇ ಬರಲಿಲ್ಲ. ಹೊಸ ಮೋಟರ್ ತರಿಸಲು ನಾಲ್ಕು ದಿನ ಆಯಿತು. ಹಾಕಿದ ಮೇಲೆ ಬೇಕಂತಲೇ ಮೂರು ಸಲ ಟರ್ಮಿನಲ್ ಬಿಚ್ಚಿ ಹಾಕಿದೆ. ಮೂರೂ ಸಲ ಎಡ 51, ಬಲ 50 ಡಿಗ್ರಿ. ಆಮೇಲೆ ಮೂರು ವಾರ ಯಾರೂ ಟರ್ಮಿನಲ್ ಮುಟ್ಟಬಾರದು ಅಂತ ಹೇಳಿ, ಅದು ಮುಗಿಯುವವರೆಗೆ ಕೂಲಿ ತಗೊಳ್ಳಲಿಲ್ಲ.

ಸ್ಕ್ರೀನ್ ಹ್ಯಾಂಗ್ ಆಗುತ್ತಿದ್ದುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಭಜನೆ ತುಂಬಿದ್ದ ಹಳೆಯ ಪೆನ್‌ಡ್ರೈವ್ ಕೆಟ್ಟಿತ್ತು, ಅದನ್ನು ಓದಲು ಹೋಗಿ ಸ್ಕ್ರೀನ್ ನಿಲ್ಲುತ್ತಿತ್ತು. ಅದಕ್ಕೆ ಪವರ್ ಬಟನ್ ಸುಮಾರು 10 ಸೆಕೆಂಡ್ ಒತ್ತಿ ಹಿಡಿದರೆ ಸಾಕಿತ್ತು. ಬ್ಯಾಟರಿವರೆಗೆ ಹೋಗುವುದೇ ಬೇಕಿರಲಿಲ್ಲ.

ನಾವು ಬದಲಿಸಿಕೊಂಡದ್ದು

ಈಗ ಯಾವ ಗಾಡಿ ಬಂದರೂ ನಮ್ಮ ಮೊದಲ ಪ್ರಶ್ನೆ, "ಟರ್ಮಿನಲ್ ಕೊನೆಗೆ ಯಾವಾಗ ಬಿಚ್ಚಿದ್ದು?" ಎರಡನೆಯದು, ಏನನ್ನೂ ಮುಟ್ಟುವ ಮೊದಲು ಸ್ಕ್ಯಾನರ್ ಹಾಕಿ ಕೋಡ್‌ಗಳ ಫೋಟೋ ತೆಗೆದುಕೊಳ್ಳುತ್ತೇವೆ. ಬ್ಯಾಟರಿ ಬದಲಿಸುವಾಗ ಬೇರೆ ಸಪ್ಲೈ ಕೊಟ್ಟೇ ಬದಲಿಸುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಆಮೇಲೆ ಕಾಯುವುದು. ಕಾಯುವುದೇ ಇದರಲ್ಲಿ ಕಷ್ಟ, ಯಾಕೆಂದರೆ ಗಿರಾಕಿ ಎದುರಿಗೆ ನಿಂತಿರುತ್ತಾರೆ.

ಮನೆಯಲ್ಲೇ ಟರ್ಮಿನಲ್ ಬಿಚ್ಚುವವರಿಗೂ ಎರಡು ಮಾತು. ಇಗ್ನಿಷನ್ ಆಫ್ ಮಾಡಿ, ಕೀ ಹೊರಗಿಟ್ಟುಕೊಂಡು ಕೆಲವು ನಿಮಿಷ ಬಿಡಿ. ಮೊದಲು ಮೈನಸ್ ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಕೆಲವು ಕಾರುಗಳಲ್ಲಿ ಆಮೇಲೆ ಕಿಟಕಿಯ ಆಟೋ ಬಟನ್ ಮತ್ತೆ ಹೊಂದಿಸಬೇಕಾಗುತ್ತದೆ, ರೇಡಿಯೋ ಕೋಡ್ ಕೇಳುತ್ತದೆ. ಮಾಡಿದರೆ ತಾರೀಖು ಬರೆದಿಡಿ. ಒಂದು ಸಲ ಸರಿಹೋಗಿ ಮತ್ತೆ ಬರದಿದ್ದರೆ ಸಂತೋಷ. ಎರಡನೇ ಸಲ ಅದೇ ತೊಂದರೆ ಬಂದರೆ ಸ್ಪ್ಯಾನರ್ ಒಳಗಿಟ್ಟು, ತೊಂದರೆ ಇರುವಾಗಲೇ ಗಾಡಿ ತಗೊಂಡು ಬನ್ನಿ.

ಕಾರು ಒಯ್ಯಲು ಬಂದ ದಿನ ಅಮ್ಮನೂ ಬಂದಿದ್ದರು. ನಾಣ್ಯವನ್ನು ಒರೆಸಿ ಕೊಟ್ಟೆ. "ಇದು ದೇವರ ದುಡ್ಡಪ್ಪ" ಅಂತ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನವೆಂಬರ್‌ನಲ್ಲಿ ಎ.ಸಿ. ಫಿಲ್ಟರ್ ನೋಡಿಸಲು ಬಂದಾಗ ಗಾಳಿ ಬರುವ ಸೀಳಿಗೆ ಸೊಳ್ಳೆ ಪರದೆಯ ಜಾಲರಿ ಅಂಟಿಸಿದ್ದರು, ಗಣಪತಿ ಮುಂದೆ ಒಂದು ಪುಟ್ಟ ಹಿತ್ತಾಳೆ ಬಟ್ಟಲು ಗಟ್ಟಿಯಾಗಿ ಕೂರಿಸಿದ್ದರು. ಅದರಲ್ಲಿ ಏಳು ನಾಣ್ಯ ಇದ್ದವು.